ತವರಿನ ಯೆಜ್ಡಿ, ಅತ್ತೆಮನೆಯ ಚೇತಕ್

ದಸರಾ ಮುಗಿದು ವಾರ ಕಳೆದಿತ್ತು. ಮೈಸೂರಿನಿಂದ ತಮ್ಮನ ಫೋನು ಬಂತು. "ಅಕ್ಕ, ಹಳೇ ಮನೆ ಕೆಡವೋಕೆ ಒಪ್ಪಿಸಿದ್ದಾಯ್ತು. ಹಿತ್ತಿಲ ಶೆಡ್ಡು ಖಾಲಿ ಮಾಡ್ಬೇಕು. ಅಪ್ಪನ ಯೆಜ್ಡಿ ಏನ್ ಮಾಡೋಣ ಹೇಳು. ಗುಜರಿಯವನು ಆಗಲೇ ಎರಡು ಸಲ ಬಂದು ನೋಡ್ಕೊಂಡು ಹೋದ."

ಗುಜರಿ ಎಂಬ ಮಾತು ಕೇಳಿ ಎದೆ ಧಸಕ್ಕೆಂದಿತು. "ಕೊಡಬೇಡ, ಇಲ್ಲಿಗೆ ತರಿಸ್ತೀನಿ" ಎಂದುಬಿಟ್ಟೆ. ಫೋನಿಟ್ಟ ಮೇಲೆ ನೆನಪಾಯಿತು, ಇಲ್ಲಿ ಪುಣೆಯಲ್ಲಿ ಜಾಗವೆಲ್ಲಿದೆ? ನಮ್ಮ ಸೊಸೈಟಿಯಲ್ಲಿ ಓಡದ ಹಳೆಯ ಗಾಡಿ ಮನೆಗೊಂದೇ ಇಡಬಹುದು ಎಂಬ ನಿಯಮ. ಆ ಒಂದು ಜಾಗದಲ್ಲಿ ನಮ್ಮ ಮಾವನವರ ಬಜಾಜ್ ಚೇತಕ್ ಪ್ಲಾಸ್ಟಿಕ್ ಹೊದ್ದು ಕುಳಿತಿದೆ. ಒಂದು ಬಂದರೆ ಇನ್ನೊಂದು ಹೋಗಬೇಕು!

ಮಗರಾಯ ಹಿಂಜೇವಾಡಿಯಿಂದ ಕೆಲಸ ಮುಗಿಸಿ ಬಂದವನು ವಿಷಯ ಕೇಳಿ ಕಣ್ಣರಳಿಸಿದ. "ಅಮ್ಮ, ಅಮೆರಿಕಾದಲ್ಲಿ ಮಸ್ಟಾಂಗ್ ದೊಡ್ಡದೋ ಕಮಾರೋ ದೊಡ್ಡದೋ ಅಂತ ಅರವತ್ತು ವರ್ಷದಿಂದ ಜಗಳ ನಡೀತಿದೆ ಗೊತ್ತಾ? 1964ರಲ್ಲಿ ಫೋರ್ಡ್‌ನವರು ಮಸ್ಟಾಂಗ್ ಬಿಟ್ಟರು, 1966ರಲ್ಲಿ ಶೆವರ್ಲೆಯವರು ಅದಕ್ಕೆ ಎದುರಾಗಿ ಕಮಾರೋ ಬಿಟ್ಟರು. ಹಾಗೇ ನಮ್ಮನೇಲಿ ಯೆಜ್ಡಿಯೋ ಚೇತಕ್ಕೋ ತೀರ್ಮಾನ ಆಗ್ಲಿ. ನೀನೇ ಜಡ್ಜು."

ನಾನು ಓದಿದ್ದು ಇಂಗ್ಲಿಷ್ ಬಿ.ಎ. ಮದುವೆಗೆ ಮುಂಚೆ ಕಾರ್ಬೊರೇಟರ್ ಎಂದರೆ ಷೇಕ್ಸ್‌ಪಿಯರನ ನಾಟಕದ ಪಾತ್ರವಿರಬೇಕು ಎಂದುಕೊಂಡವಳು. ಆದರೂ ಹುಟ್ಟಿದ ಮನೆಯಲ್ಲಿ ಒಂದು, ಸೇರಿದ ಮನೆಯಲ್ಲಿ ಒಂದು, ಎರಡರ ಹಿಂದಿನ ಸೀಟಿನಲ್ಲೂ ವರ್ಷಗಟ್ಟಲೆ ಕುಳಿತವಳು ನಾನೊಬ್ಬಳೇ ತಾನೇ? ಮೂರು ತಿಂಗಳು ಮೆಕ್ಯಾನಿಕ್ಕುಗಳನ್ನು ಕಾಡಿ, ಬೇಡಿ, ತಿಳಿದುಕೊಂಡದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ. ಹಳೇ ಗಾಡಿಯ ಹುಚ್ಚು ಹಿಡಿದಿರುವ ನಮ್ಮ ಸಂಘದ ಯುವಕ ಯುವತಿಯರಿಗೆ ಉಪಯೋಗವಾದೀತು.

ಇಬ್ಬರ ಜಾತಕ

ಮೊದಲು ತವರಿನದು. ಜಾವಾ ಹುಟ್ಟಿದ್ದು 1929ರಲ್ಲಿ, ಅಂದಿನ ಜೆಕೊಸ್ಲೊವಾಕಿಯಾದ ಪ್ರಾಗ್ ನಗರದಲ್ಲಿ. ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡು, ತನ್ನ ಹೆಸರಿನ ಮೊದಲೆರಡು ಅಕ್ಷರ, ಆ ಕಂಪನಿಯ ಹೆಸರಿನ ಮೊದಲೆರಡು ಅಕ್ಷರ ಸೇರಿಸಿ "ಜಾವಾ" ಎಂದು ಹೆಸರಿಟ್ಟ. ಜಾವಾ ದ್ವೀಪಕ್ಕೂ ಇದಕ್ಕೂ ಸಂಬಂಧವಿಲ್ಲ. ನಮ್ಮ ದೇಶದಲ್ಲಿ ಇದನ್ನು ತಯಾರಿಸಲು ರುಸ್ತುಂ ಇರಾನಿ ಮತ್ತು ಫರ್ರೋಕ್ ಇರಾನಿಯವರು ಆರಿಸಿದ ಊರು ಮೈಸೂರು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಆರಂಭವಾಯಿತು. ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಶ್ರೀ ಜಯಚಾಮರಾಜ ಒಡೆಯರು. ಮಹಾರಾಜರೇ ಬಂದು ಹರಸಿದ ಗಾಡಿ ಎಂದು ಮೈಸೂರಿನವರು ಇಂದಿಗೂ ಬೀಗುತ್ತಾರೆ. 1973ರಿಂದ ಇದರ ಹೆಸರು "ಯೆಜ್ಡಿ" ಎಂದಾಯಿತು. 1978ರಲ್ಲಿ ರೋಡ್‌ಕಿಂಗ್ ಎಂಬ ಗಟ್ಟಿಗ ಬಂದ. ನಮ್ಮಪ್ಪ ಬ್ಯಾಂಕಿನಿಂದ ಸಾಲ ಮಾಡಿ 1982ರಲ್ಲಿ ಕೊಂಡದ್ದು ಇದನ್ನೇ.

ಇನ್ನು ಅತ್ತೆಮನೆಯದು. ಇದರ ಮೂಲ ಇಟಲಿ. ಎರಡನೆಯ ಮಹಾಯುದ್ಧ ಮುಗಿದು ವಿಮಾನ ಕಟ್ಟುವ ಕೆಲಸ ನಿಂತುಹೋದಾಗ ಪಿಯಾಜಿಯೊ ಕಂಪನಿಯವರು 1946ರಲ್ಲಿ ವೆಸ್ಪಾ ಸ್ಕೂಟರ್ ತಂದರು. ವಿನ್ಯಾಸ ಮಾಡಿದ ದಾಸ್ಕಾನಿಯೊ ಎಂಬಾತ ವಿಮಾನದ ಎಂಜಿನಿಯರ್. ಬಜಾಜ್‌ನವರು 1948ರಿಂದ ವೆಸ್ಪಾಗಳನ್ನು ಆಮದು ಮಾಡಿ ಮಾರುತ್ತಿದ್ದರು. ಮುಂದೆ ಲೈಸೆನ್ಸ್ ಪಡೆದು ಇಲ್ಲೇ ತಯಾರಿಸಿದರು. ನಮ್ಮ ಪುಣೆಯ ಆಕುರ್ಡಿಯ ಕಾರ್ಖಾನೆ ಬೆಳೆದದ್ದು ಹೀಗೆ. 1971ರಲ್ಲಿ ಪಿಯಾಜಿಯೊ ಜೊತೆಗಿನ ಒಪ್ಪಂದ ಮುಗಿಯಿತು. 1972ರಲ್ಲಿ ಬಜಾಜ್ ತನ್ನದೇ ಹೆಸರಿನಲ್ಲಿ ಚೇತಕ್ ಬಿಟ್ಟಿತು. ಚೇತಕ್ ಎಂದರೆ ರಾಣಾ ಪ್ರತಾಪನ ಕುದುರೆ. ಕುದುರೆಯ ಹೆಸರೇನೋ ಸರಿ, ಸಿಗುವುದು ಮಾತ್ರ ಆಮೆಯ ವೇಗದಲ್ಲಿ! ಅದು ಲೈಸೆನ್ಸ್ ರಾಜ್ಯ. ಎಷ್ಟು ಗಾಡಿ ಮಾಡಬೇಕೆಂಬುದಕ್ಕೂ ಸರಕಾರದ ಅಪ್ಪಣೆ ಬೇಕಿದ್ದ ಕಾಲ. ಬುಕ್ ಮಾಡಿದವರು ವರ್ಷಗಟ್ಟಲೆ ಕಾಯುತ್ತಿದ್ದರು. ವಿದೇಶದಲ್ಲಿರುವ ನೆಂಟರು ಡಾಲರ್‌ನಲ್ಲಿ ಹಣ ಕಟ್ಟಿದರೆ ಬೇಗ ಸಿಗುತ್ತಿತ್ತು. ನಮಗೆಲ್ಲಿಯ ಡಾಲರ್ ನೆಂಟರು? ಮಾವನವರು 1977ರಲ್ಲಿ ಬುಕ್ ಮಾಡಿ 1984ರಲ್ಲಿ ಗಾಡಿ ಮನೆಗೆ ತಂದರು. ಬುಕ್ ಮಾಡಿದಾಗ ನಮ್ಮ ಯಜಮಾನರು ಪ್ರೈಮರಿ ಶಾಲೆಯಲ್ಲಿದ್ದರಂತೆ, ಗಾಡಿ ಬಂದಾಗ ಮೀಸೆ ಚಿಗುರಿತ್ತಂತೆ!

ಮೈಕಟ್ಟು

ಯೆಜ್ಡಿ ಪೈಲ್ವಾನ. 248.5 ಸಿ.ಸಿ. ಎಂಜಿನ್; ರೋಡ್‌ಕಿಂಗ್‌ನದು 16 ಅಶ್ವಶಕ್ತಿ. ಸಿಲಿಂಡರ್ ಒಂದೇ, ಆದರೆ ಹೊಗೆ ಕೊಳವೆ ಎರಡು, ಎಡಕ್ಕೊಂದು ಬಲಕ್ಕೊಂದು. ಆ ಜೋಡಿ ಸೈಲೆನ್ಸರಿನ ದನಿ ಒಂದು ಸಲ ಕಿವಿಗೆ ಬಿದ್ದರೆ ಮರೆಯುವುದಿಲ್ಲ. ಅಪ್ಪ ಬೀದಿ ತಿರುವಿನಲ್ಲಿದ್ದಾಗಲೇ ಅಮ್ಮ ಕಾಫಿಗೆ ನೀರಿಡುತ್ತಿದ್ದರು.

ಚೇತಕ್ ಸಂಸಾರಸ್ಥ. 145 ಸಿ.ಸಿ., ಶಕ್ತಿ ಸುಮಾರು ಏಳೂವರೆ ಅಶ್ವಶಕ್ತಿ, ಯೆಜ್ಡಿಯ ಅರ್ಧವೂ ಇಲ್ಲ. ಆದರೆ ಇದರ ಜಾಣತನ ಶಕ್ತಿಯಲ್ಲಿಲ್ಲ, ಕಟ್ಟಡದಲ್ಲಿದೆ. ಮೋಟಾರ್ ಸೈಕಲ್ಲಿಗೆ ಕೊಳವೆಗಳ ಚೌಕಟ್ಟು ಬೇರೆ, ಮೇಲಿನ ಹೊದಿಕೆ ಬೇರೆ. ಚೇತಕ್‌ನಲ್ಲಿ ಉಕ್ಕಿನ ತಗಡಿನ ಮೈಯೇ ಚೌಕಟ್ಟು. ವಿಮಾನದ ಎಂಜಿನಿಯರನ ಬುದ್ಧಿ ಇದು. ಎಂಜಿನ್ ಹಿಂದಿನ ಚಕ್ರದ ಪಕ್ಕದಲ್ಲಿ, ಬಲಕ್ಕೆ. ಚೈನು ಇಲ್ಲ, ಸೀರೆಯ ಅಂಚು ಸಿಕ್ಕುವ ಭಯವಿಲ್ಲ, ಪ್ಯಾಂಟಿಗೆ ಗ್ರೀಸ್ ಮೆತ್ತುವುದಿಲ್ಲ. ಜೊತೆಗೆ ಒಂದು ಸ್ಟೆಪ್ನಿ ಚಕ್ರ.

ನಮ್ಮತ್ತೆಯವರು ಧಾರವಾಡದ ಕಡೆಯವರು. ನಾನು ಮದುವೆಯಾದ ಹೊಸದರಲ್ಲಿ ಅಪ್ಪನ ಗಾಡಿಯ ಹಿರಿಮೆ ಕೊಚ್ಚಿಕೊಂಡಾಗ ಅವರು ಹೇಳಿದ ಮಾತು ಇಂದಿಗೂ ನೆನಪಿದೆ. "ನಿಮ್ಮಪ್ಪನ ಫಟ್‌ಫಟಿ ಛಲೋನ ಇರಬಹುದವಾ, ಆದ್ರ ಅದರ ಮ್ಯಾಲೆ ಗ್ಯಾಸ್ ಸಿಲಿಂಡರ್ ತರಲಿಕ್ಕೆ ಬರ್ತದೇನು?" ನಾನು ಬಾಯಿ ಮುಚ್ಚಿಕೊಂಡೆ. ಚೇತಕ್‌ನ ಕಾಲಿಡುವ ಜಾಗದಲ್ಲಿ ಸಿಲಿಂಡರ್ ಬಂದಿದೆ, ಗೋಧಿ ಮೂಟೆ ಬಂದಿದೆ, ಗಣಪತಿ ಬಂದಿದ್ದಾನೆ. ನಮ್ಮ ಮಗ ಎರಡು ವರ್ಷದವನಿದ್ದಾಗ ಅಲ್ಲೇ ನಿಂತು ಹ್ಯಾಂಡಲ್ ಹಿಡಿದು ಇಡೀ ಲಕ್ಷ್ಮೀ ರಸ್ತೆಯನ್ನು ಆಳಿದ್ದಾನೆ.

ಎಡಗಾಲು, ಬಲಗಾಲು

ಸ್ಟಾರ್ಟ್ ಮಾಡುವ ರೀತಿಯಲ್ಲೇ ಇಬ್ಬರ ಸ್ವಭಾವ ಗೊತ್ತಾಗುತ್ತದೆ. ಚೇತಕ್ಕನ್ನು ಬಲಗಾಲಿನಿಂದ ಒದೆಯಬೇಕು. ಬಹಳ ಹೊತ್ತು ನಿಂತಿದ್ದರೆ ಮೊದಲು ಗಾಡಿಯನ್ನು ಎಡಕ್ಕೆ ವಾರೆ ಮಾಡಿ, ಒಂದು ಕ್ಷಣ ಹಿಡಿದು, ನೆಟ್ಟಗೆ ನಿಲ್ಲಿಸಿ ಕಿಕ್ ಹೊಡೆಯುವುದು ರೂಢಿ. ಒಂದು ಕಾಲದಲ್ಲಿ ಪುಣೆಯ ಪ್ರತಿ ವಾಡೆಯ ಮುಂದೆಯೂ ಬೆಳಗ್ಗೆ ಗಂಡಸರು ಸ್ಕೂಟರಿಗೆ ಹೀಗೆ ನಮಸ್ಕಾರ ಮಾಡಿಸುತ್ತಿದ್ದರು. ಗೇರು ಎಡಗೈಯಲ್ಲಿ: ಕ್ಲಚ್ ಹಿಡಿದು ಹಿಡಿಯನ್ನೇ ತಿರುಗಿಸಬೇಕು.

ಯೆಜ್ಡಿಗೆ ಎಡಗಾಲು. ಇಲ್ಲೊಂದು ಚಮತ್ಕಾರವಿದೆ. ಕಿಕ್ಕರ್ ಬೇರೆ, ಗೇರ್ ಬೇರೆ ಅಲ್ಲ. ಎರಡೂ ಒಂದೇ ಲಿವರ್! ಅದನ್ನು ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್ಕರ್, ಎಂಜಿನ್ ಎದ್ದ ಮೇಲೆ ಮುಂದಕ್ಕೆ ಬಾಗಿಸಿದರೆ ಗೇರ್. ಇನ್ನೊಂದು ವಿಶೇಷ, ಗೇರ್ ಬದಲಿಸುವಾಗ ಕ್ಲಚ್ ಹಿಡಿಯದಿದ್ದರೂ ನಡೆಯುತ್ತದೆ. ಆ ಲಿವರೇ ಒಳಗೆ ಕ್ಲಚ್ಚನ್ನು ಬಿಡಿಸಿಕೊಡುತ್ತದೆ. ಗೊತ್ತಿಲ್ಲದವನು ಯೆಜ್ಡಿಯನ್ನು ಕದ್ದರೂ ಸ್ಟಾರ್ಟ್ ಮಾಡಲಾರ ಎಂದು ಅಪ್ಪ ನಗುತ್ತಿದ್ದರು.

ಮದುವೆಯಾಗಿ ಬಂದ ಹುಡುಗಿಗೆ ಬಲಗಾಲಿಟ್ಟು ಒಳಗೆ ಬಾ ಎನ್ನುತ್ತಾರಲ್ಲ, ನನ್ನ ಪಾಲಿಗೆ ಗಾಡಿಗಳೂ ಅದನ್ನೇ ಹೇಳಿದವು ನೋಡಿ!

ರಸ್ತೆಯಲ್ಲಿ? ಊರೊಳಗಿನ ಗಲ್ಲಿ, ತರಕಾರಿ, ಮಕ್ಕಳ ಶಾಲೆ ಎಂದರೆ ಚೇತಕ್. ಆದರೆ ಪುಟ್ಟ ಚಕ್ರ, ಬಲಕ್ಕೆ ವಾಲುವ ಭಾರ; ಮಳೆಗಾಲದ ಪುಣೆಯ ಗುಂಡಿಗಳಲ್ಲಿ ಜೋಪಾನ. ಯೆಜ್ಡಿಯ ದೊಡ್ಡ ಚಕ್ರ ನೆಲ ಕಚ್ಚಿ ಹಿಡಿಯುತ್ತದೆ. ನಮ್ಮಿಬ್ಬರು ಮಕ್ಕಳನ್ನೂ ಕೂರಿಸಿಕೊಂಡು ಅಪ್ಪ ಚಾಮುಂಡಿ ಬೆಟ್ಟ ಹತ್ತಿಸುತ್ತಿದ್ದರು, ಗಾಡಿ ಏದುಸಿರು ಬಿಡುತ್ತಿರಲಿಲ್ಲ. ಖಂಬಾಟ್ಕಿ ಘಾಟಿನ ಆಸೆ ಇರುವವರಿಗೆ ಯೆಜ್ಡಿಯೇ ಸರಿ. ಪೆಟ್ರೋಲಿನ ವಿಷಯದಲ್ಲಿ ಮಾತ್ರ ಯೆಜ್ಡಿ ಕುಂಭಕರ್ಣ. ಅಪ್ಪನ ಲೆಕ್ಕದಲ್ಲಿ ಲೀಟರಿಗೆ ಮೂವತ್ತು ದಾಟಿದ್ದೇ ಅಪರೂಪ, ಮಾವನವರ ಚೇತಕ್ ನಲವತ್ತರ ಆಚೀಚೆ ಕೊಡುತ್ತಿತ್ತು.

ಯಾಕೆ ನಿಂತುಹೋದವು?

ಎರಡೂ ಟೂ ಸ್ಟ್ರೋಕ್ ಎಂಜಿನ್‌ಗಳು. ಎಂಜಿನ್ ಒಳಗೆ ಸವೆಯದಂತೆ ಕಾಪಾಡುವ ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸಬೇಕು. ಆ ಎಣ್ಣೆ ಪೆಟ್ರೋಲಿನ ಜೊತೆ ಸುಟ್ಟು ನೀಲಿ ಹೊಗೆಯಾಗುತ್ತದೆ. ರಚನೆ ಸರಳ, ಎಳೆತ ಜೋರು, ಹೊಗೆಯೂ ಜೋರು. 1985ರಲ್ಲಿ ಹೀರೋ ಹೊಂಡಾ ಬಂತು, ನೂರು ಸಿ.ಸಿ.ಯ ಫೋರ್ ಸ್ಟ್ರೋಕ್, ಕಡಿಮೆ ಪೆಟ್ರೋಲು. ಜನ ಅತ್ತ ತಿರುಗಿದರು. 1991ರಲ್ಲಿ ಶುರುವಾದ ಹೊಗೆ ನಿಯಮಗಳು 1996ರಲ್ಲಿ, 2000ದಲ್ಲಿ ಇನ್ನೂ ಬಿಗಿಯಾದವು. ಮೈಸೂರಿನ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಎಷ್ಟೋ ಮನೆಗಳ ಒಲೆ ಆ ಕಾರ್ಖಾನೆಯನ್ನು ನಂಬಿತ್ತು. ನಮ್ಮ ಬೀದಿಯಲ್ಲೇ ಇಬ್ಬರು ಕೆಲಸಗಾರರಿದ್ದರು. ಗಾಡಿಯ ಚಂದ ಹೊಗಳುವಾಗ ಅದನ್ನು ಕಟ್ಟಿದ ಕೈಗಳನ್ನು ಮರೆಯಬಾರದು.

ಚೇತಕ್ ಇನ್ನಷ್ಟು ದಿನ ಬಾಳಿತು. 1989ರ "ಹಮಾರಾ ಬಜಾಜ್" ಜಾಹೀರಾತು ಮನೆಮನೆಯ ಹಾಡಾಗಿತ್ತು. ಕೊನೆಗೆ ಅದೂ ನಿಂತಿತು. 2009ರ ಕೊನೆಯಲ್ಲಿ ಸ್ಕೂಟರ್ ತಯಾರಿಕೆಯನ್ನೇ ಬಿಡುವುದಾಗಿ ಬಜಾಜ್ ಹೇಳಿತು.

ಎರಡು ಹೆಸರುಗಳಿಗೂ ಮರುಜನ್ಮ ಬಂದಿದೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೊಸ ಫೋರ್ ಸ್ಟ್ರೋಕ್ ಎಂಜಿನ್ನಿನೊಡನೆ ಮರಳಿದವು. ಮಹೀಂದ್ರಾದವರ ಜೊತೆ ಈ ಕೆಲಸಕ್ಕೆ ಕೈಹಾಕಿದವರಲ್ಲಿ ರುಸ್ತುಂ ಇರಾನಿಯವರ ಮಗ ಬೋಮನ್ ಇರಾನಿಯವರೂ ಒಬ್ಬರು. ತಯಾರಾಗುವುದು ಮಾತ್ರ ಮಧ್ಯಪ್ರದೇಶದ ಪೀತಂಪುರದಲ್ಲಿ. ಚೇತಕ್ 2020ರ ಜನವರಿಯಲ್ಲಿ ವಿದ್ಯುತ್ ಸ್ಕೂಟರಾಗಿ ಬಂತು. ಮೊದಲು ಮಾರಾಟವಾದದ್ದು ಯಾವ ಎರಡು ಊರಿನಲ್ಲಿ ಗೊತ್ತೇ? ಪುಣೆ ಮತ್ತು ಬೆಂಗಳೂರು! ನಮ್ಮಂಥವರನ್ನು ಕೇಳಿಯೇ ಮಾಡಿದರೋ ಏನೋ.

ಕೊಳ್ಳುವ ಮುನ್ನ ನೋಡಿ

ಹಳೆಯದನ್ನು ಕೊಳ್ಳುವ, ಇಲ್ಲವೇ ಮನೆಯದನ್ನೇ ಎಬ್ಬಿಸುವ ಆಸೆ ಇದ್ದವರಿಗೆ ನಾಲ್ಕು ಮಾತು.

ಚೇತಕ್ ಆದರೆ ಮೊದಲು ಬಗ್ಗಿ ನೋಡಿ. ಕಾಲಿಡುವ ಜಾಗದ ರಬ್ಬರ್ ಎತ್ತಿ, ಕೆಳಗಿನಿಂದ ಬೆರಳಿನಿಂದ ತಟ್ಟಿ ನೋಡಿ. ಮೈಯೇ ಚೌಕಟ್ಟಾದ್ದರಿಂದ ಅಲ್ಲಿ ತುಕ್ಕು ತಿಂದಿದ್ದರೆ ಬೆನ್ನುಮೂಳೆಯೇ ಹೋದಂತೆ. ಹೊಳೆಯುವ ಹೊಸ ಬಣ್ಣಕ್ಕೆ ಮರುಳಾಗಬೇಡಿ. ಬಣ್ಣದ ಕೆಳಗೆ ಲಪ್ಪ ಎಷ್ಟು ಬಳಿದಿದ್ದಾರೆ ಎಂದು ಒಂದು ಸಣ್ಣ ಅಯಸ್ಕಾಂತ ಇಟ್ಟರೆ ತಿಳಿಯುತ್ತದೆ, ತಗಡಿಲ್ಲದ ಕಡೆ ಅದು ಅಂಟುವುದಿಲ್ಲ. ಗೇರಿನ, ಕ್ಲಚ್ಚಿನ ತಂತಿಗಳು ಹಳೆಯದಾದರೆ ಬದಲಿಸಿಬಿಡಿ. ಬಿಡಿಭಾಗಕ್ಕೆ ಚಿಂತೆಯಿಲ್ಲ. ಲಕ್ಷಗಟ್ಟಲೆ ಓಡಿದ ಗಾಡಿ, ನಮ್ಮ ನಾನಾ ಪೇಟೆಯಲ್ಲಿ ಹುಡುಕಿದರೆ ಸಿಗುತ್ತದೆ.

ಯೆಜ್ಡಿ ಆದರೆ ಕಿಕ್ಕರಿನ ಹಲ್ಲು ಸವೆದು ಜಾರುತ್ತಿದೆಯೇ ನೋಡಿ. ಕ್ರ್ಯಾಂಕಿನ ಆಯಿಲ್ ಸೀಲು, ಬೇರಿಂಗು ಹಣ ಕೇಳುವ ಜಾಗಗಳು. ಸೈಲೆನ್ಸರ್ ಎರಡರಲ್ಲೂ ಕರಿ ಕಟ್ಟಿರುತ್ತದೆ, ಬಿಚ್ಚಿ ತೊಳೆಯದಿದ್ದರೆ ಗಾಡಿ ಎಳೆಯುವುದಿಲ್ಲ. ವರ್ಷಗಟ್ಟಲೆ ನಿಂತ ಗಾಡಿಗೆ ಉತ್ಸಾಹದಲ್ಲಿ ಕಿಕ್ ಹೊಡೆಯಬೇಡಿ. ಪ್ಲಗ್ ಬಿಚ್ಚಿ, ಒಳಗೆ ನಾಲ್ಕು ಹನಿ ಎಣ್ಣೆ ಬಿಟ್ಟು, ಒಂದು ದಿನ ಹಾಗೇ ಇರಿಸಿ, ಆಮೇಲೆ ನಿಧಾನವಾಗಿ ಎಂಜಿನ್ ತಿರುಗಿಸಿ. ಹಳೇ ಪೆಟ್ರೋಲ್ ಪೂರ್ತಿ ಚೆಲ್ಲಿ. ಬಿಡಿಭಾಗ ಸಿಗುತ್ತವೆ, ಆದರೆ ಹೊಸದಾಗಿ ಮಾಡಿದ್ದರಲ್ಲಿ ಜಳ್ಳೂ ಇದೆ ಕಾಳೂ ಇದೆ. ಬೆಂಗಳೂರು, ಮೈಸೂರುಗಳಲ್ಲಿ ಇದರ ನಾಡಿ ಬಲ್ಲ ಹಳೇ ಮೆಕ್ಯಾನಿಕ್ಕುಗಳಿದ್ದಾರೆ. ಅವರ ಸಂಖ್ಯೆ ಕಡಿಮೆಯಾಗುತ್ತಿದೆ.

ಕಾಗದ ಪತ್ರ ಎಲ್ಲಕ್ಕಿಂತ ಮುಖ್ಯ. ಆರ್.ಸಿ. ಪುಸ್ತಕದಲ್ಲಿರುವ ಎಂಜಿನ್ ನಂಬರು, ಚಾಸಿ ನಂಬರು ಗಾಡಿಯ ಮೇಲಿನದಕ್ಕೆ ತಾಳೆಯಾಗಬೇಕು. ಆಗದಿದ್ದರೆ ಎಷ್ಟೇ ಅಗ್ಗವಾದರೂ ಕೈಮುಗಿದು ಎದ್ದು ಬನ್ನಿ. ಹದಿನೈದು ವರ್ಷ ದಾಟಿದ ಗಾಡಿಯನ್ನು ಆರ್.ಟಿ.ಓ.ದಲ್ಲಿ ತೋರಿಸಿ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಕರ್ನಾಟಕದ ಗಾಡಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಮಹಾರಾಷ್ಟ್ರದಲ್ಲಿ ಇರುವುದಾದರೆ ಅಲ್ಲಿಂದ ನಿರಾಕ್ಷೇಪಣಾ ಪತ್ರ ತಂದು, ಇಲ್ಲಿ ತೆರಿಗೆ ಕಟ್ಟಿ, ಮರಾಠಿ ನಾಡಿನ ನಂಬರು ಹಾಕಿಸಬೇಕು. 2021ರ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ ಗಾಡಿಗೆ ವಿಂಟೇಜ್ ಎಂಬ ಬೇರೆ ನೋಂದಣಿ ಉಂಟು. ಅದನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ ಓಡಿಸಬಹುದೇ ಹೊರತು ದಿನನಿತ್ಯ ಓಡಿಸುವಂತಿಲ್ಲ. 1960ರ ದಶಕದ ಜಾವಾಗಳು, ಮೊದಲ ಚೇತಕ್‌ಗಳು ಆ ಗೌರವಕ್ಕೆ ಮುಟ್ಟಿವೆ. ನಮ್ಮ ಮನೆಯವು ಇನ್ನೂ ವಿಂಟೇಜ್ ಅಲ್ಲ, ಬರೀ ಹಳೇದು, ನನ್ನ ಹಾಗೆ!

ತಾತನ ನೋಟುಪುಸ್ತಕ

ಯೆಜ್ಡಿ ರೈಲಿನ ಪಾರ್ಸೆಲ್ಲಿನಲ್ಲಿ ಗೋಣಿ ಸುತ್ತಿಕೊಂಡು ಬಂತು. ಜೊತೆಗೆ ತಮ್ಮ ಅಪ್ಪನ ಒಂದು ನೋಟುಪುಸ್ತಕ ಕಳಿಸಿದ್ದ. 1982ರಿಂದ ಅಪ್ಪ ಗಾಡಿಗೆ ಮಾಡಿದ ಪ್ರತಿ ಕೆಲಸ ಅದರಲ್ಲಿದೆ. ಯಾವ ದಿನ ಪ್ಲಗ್ ಬದಲಿಸಿದ್ದು, ಎಷ್ಟು ಎಣ್ಣೆ, ಯಾವ ಜೆಟ್, ಯಾವ ಶಬ್ದಕ್ಕೆ ಏನು ಮದ್ದು, ಎಲ್ಲ ಕನ್ನಡದಲ್ಲಿ, ಅಂಕಿಗಳೂ ಕನ್ನಡದಲ್ಲಿ.

ನನ್ನ ಮಗ ಕನ್ನಡ ಮಾತಾಡುತ್ತಾನೆ, ಓದಲು ಬಾರದು. ತಪ್ಪು ನನ್ನದೇ. ಶಾಲೆ, ಟ್ಯೂಷನ್, ಪರೀಕ್ಷೆ ಎಂದು ಮುಂದೂಡುತ್ತ ಬಂದೆ. "ಅಮ್ಮ, ಓದಿ ಹೇಳು" ಎಂದು ಕುಳಿತ. ಎರಡು ಪುಟ ಓದಿ ಹೇಳಿದೆ. ಮೂರನೆಯ ಪುಟಕ್ಕೆ "ನಿಂಗೆ ಗಾಡಿ ಬೇಕಾದ್ರೆ ನೀನೇ ಓದು" ಎಂದೆ. ಮುಖ ಊದಿಸಿಕೊಂಡ. ಆದರೆ ಗರಜು ಅವನದಲ್ಲವೇ? ದೇವನಾಗರಿ ಬಲ್ಲವನಿಗೆ ಅಕ್ಷರಗಳ ಕ್ರಮ ಗೊತ್ತೇ ಇತ್ತು, ರೂಪ ಕಲಿಯಬೇಕಿತ್ತು. ಒತ್ತಕ್ಷರ ಬಂದಲ್ಲಿ ಗಕ್ಕನೆ ನಿಲ್ಲುತ್ತಿದ್ದ, ೬ ಯಾವುದು ೯ ಯಾವುದು ಎಂದು ಅಡುಗೆಮನೆಗೆ ಓಡಿ ಬರುತ್ತಿದ್ದ. ಎರಡು ತಿಂಗಳಲ್ಲಿ ತಾತನ ಕೈಬರಹ ಹಿಡಿತಕ್ಕೆ ಬಂತು.

ಒಂದು ರಾತ್ರಿ ನೆಲದ ಮೇಲೆ ಕುಳಿತು ಓದುತ್ತಿದ್ದವನು 1994ರ ಒಂದು ಪುಟದಲ್ಲಿ ನಿಂತ. ನಿಧಾನವಾಗಿ, ಅಕ್ಷರ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದ: "ಮಗಳನ್ನು ಪುಣೆಯ ರೈಲು ಹತ್ತಿಸಿ ಬಂದೆ. ಪೆಟ್ರೋಲ್ ಹಾಕಿಸಲು ಮರೆತಿದ್ದೆ. ಸ್ಟೇಷನ್ನಿನಿಂದ ತಳ್ಳಿಕೊಂಡು ಬಂದೆ."

ಹನ್ನೆರಡು ವರ್ಷದಲ್ಲಿ ಅಪ್ಪ ಪೆಟ್ರೋಲ್ ಮರೆತದ್ದು ಅದೊಂದೇ ದಿನ. ಈ ಮಾತು ಅವರು ಬದುಕಿರುವವರೆಗೆ ನನಗೆ ಹೇಳಿರಲಿಲ್ಲ. ನಾನೇ ಓದಿ ಹೇಳುತ್ತಿದ್ದರೆ ಆ ಸಾಲನ್ನು ಹಾರಿಸಿಬಿಡುತ್ತಿದ್ದೆನೋ ಏನೋ.

ತೀರ್ಪು

ಸರಿ, ಯಾವುದು ಮೇಲು? ನೋಟ, ದನಿ, ಓಟ, ಸಂಗ್ರಹಕಾರರ ಆಸೆ, ಇವುಗಳಲ್ಲಿ ಯೆಜ್ಡಿ ಮುಂದೆ. ಬಾಳಿಕೆ, ಬಿಡಿಭಾಗ, ಖರ್ಚು, ಉಪಯೋಗ, ಇವುಗಳಲ್ಲಿ ಚೇತಕ್ ಮುಂದೆ. ಮೊದಲ ಸಲ ಹಳೇ ಗಾಡಿಗೆ ಕೈಹಾಕುವವರು ಚೇತಕ್‌ನಿಂದ ಶುರು ಮಾಡಿ. ತಪ್ಪು ಮಾಡಿದರೂ ಕ್ಷಮಿಸುತ್ತದೆ. ತಾಳ್ಮೆ ಇದ್ದವರು, ಒಳ್ಳೆಯ ಮೆಕ್ಯಾನಿಕ್ ಗೊತ್ತಿದ್ದವರು ಯೆಜ್ಡಿ ಇಟ್ಟುಕೊಳ್ಳಿ. ಯಾವುದೇ ಆಗಲಿ, ವಾರಕ್ಕೊಮ್ಮೆ ಓಡಿಸದೆ ಹೊದಿಸಿ ಇಡುವುದಾದರೆ ಕೊಳ್ಳಲೇಬೇಡಿ. ಓಡದ ಗಾಡಿ, ಆಡದ ಭಾಷೆ, ಎರಡಕ್ಕೂ ತುಕ್ಕು ಒಳಗಿನಿಂದ ಹಿಡಿಯುತ್ತದೆ.

ನಮ್ಮ ಮನೆಯ ಕಥೆ ಹೀಗಾಯಿತು. ಯೆಜ್ಡಿ ಮಗನ ಪಾಲಿಗೆ ಬಂತು. ಹಾಗಾದರೆ ಚೇತಕ್? ನಮ್ಮ ಯಜಮಾನರು ಒಂದು ವಾರ ಆ ಮಾತೆತ್ತಿದರೆ ಪೇಪರು ಮುಖಕ್ಕೆ ಹಿಡಿಯುತ್ತಿದ್ದರು. ಅವರಪ್ಪ ಏಳು ವರ್ಷ ಕಾದು ತಂದ ಗಾಡಿ. ಕೊಂಡುಕೊಳ್ಳಲು ಬಂದ ಇಬ್ಬರನ್ನು ಚಹಾ ಕೊಟ್ಟು ವಾಪಸು ಕಳಿಸಿದರು. ಆಗ ಚಿಂಚವಾಡದಲ್ಲಿರುವ ಮೈದುನನ ಮಗಳು ಬಂದಳು. ಎಂಜಿನಿಯರಿಂಗ್ ಮೂರನೆಯ ವರ್ಷ. "ದೊಡ್ಡಪ್ಪ, ಅಜ್ಜನ ಗಾಡಿ ನಾನ್ಯಾಕೆ ತಗೊಂಡು ಹೋಗಬಾರದು?" ಎಂದಳು. ಹುಡುಗಿ, ಅದೂ ಕೈಗೇರಿನ ಸ್ಕೂಟರು ಎಂದು ಯಾರೋ ಅಂದರು. ಆಕೆ ಉತ್ತರ ಕೊಡಲಿಲ್ಲ. ಗಾಡಿಯನ್ನು ಎಡಕ್ಕೆ ವಾರೆ ಮಾಡಿ, ನೆಟ್ಟಗೆ ನಿಲ್ಲಿಸಿ, ಬಲಗಾಲಿನಿಂದ ಒದ್ದಳು. ಮೂರನೆಯ ಒದೆತಕ್ಕೆ ಎದ್ದಿತು. ನಮ್ಮವರು ಒಳಗೆ ಹೋಗಿ ಸ್ಟೆಪ್ನಿಯ ಕವರ್ ಒರೆಸಿ ತಂದು ಹಾಕಿ, ಕೀಲಿ ಅವಳ ಕೈಗಿಟ್ಟರು. ಆಕುರ್ಡಿಯ ಪಕ್ಕದಲ್ಲೇ ಚಿಂಚವಾಡ. ಗಾಡಿ ಹುಟ್ಟಿದ ಊರ ಹತ್ತಿರಕ್ಕೇ ಮರಳಿತು ಎಂದುಕೊಂಡು ಸಮಾಧಾನ ಮಾಡಿಕೊಂಡೆವು.

ಪ್ರಾಗ್‌ನಿಂದ ಬಂದದ್ದು ಮೈಸೂರಿನದಾಯಿತು, ಇಟಲಿಯಿಂದ ಬಂದದ್ದು ಪುಣೆಯದಾಯಿತು. ಮೈಸೂರಿನದು ಈಗ ಪುಣೆಗೆ ಬಂದಿದೆ. ನಾವೂ ಹಾಗೇ ಬಂದವರು, ನೀವು ಇಲ್ಲೇ ಹುಟ್ಟಿದವರು. ನಿಮ್ಮ ಮನೆಗಳಲ್ಲೂ ಊರಿನ ಹಿತ್ತಿಲಲ್ಲಿ ಒಂದು ಗಾಡಿ, ಅಟ್ಟದಲ್ಲಿ ಒಂದು ನೋಟುಪುಸ್ತಕ ಇದ್ದೀತು. ಗುಜರಿಯವನಿಗಿಂತ ಮೊದಲು ನೀವು ಹೋಗಿ ನೋಡಿ.

ಈ ಸಲದ ರಾಜ್ಯೋತ್ಸವಕ್ಕೆ ಅಣ್ಣ ತಂಗಿ ಇಬ್ಬರೂ ತಮ್ಮ ತಮ್ಮ ಗಾಡಿಗಳನ್ನು ಸಂಘದ ಅಂಗಳಕ್ಕೆ ತರುವುದಾಗಿ ಹೇಳಿದ್ದಾರೆ. ಬನ್ನಿ, ನೋಡಿ, ಒಂದು ಸುತ್ತು ಹೊಡೆಯಿರಿ. ಪೆಟ್ರೋಲಿಗೆ ಎಣ್ಣೆ ಬೆರೆಸಿದೆಯೇ ಎಂದು ಮಾತ್ರ ಮೊದಲು ಕೇಳಿಕೊಳ್ಳಿ!